ಮೊಣಕಾಲಿನ ಪೆಡಲು

ತಿಮ್ಮರಾಜುವಿನ ಕಾಲು ಹೋಯಿತು ಎಂದು ಪಾಂಡವಪುರದವರೆಲ್ಲ ಮಾತಾಡಿಕೊಂಡರು. ಕಾಲೇನೋ ಇತ್ತು. ಹೋದದ್ದು ಪಾದವನ್ನು ಮೇಲೆ ಕೆಳಗೆ ಆಡಿಸುವ ಆ ಒಂದು ಕೀಲು ಮಾತ್ರ. ತೊಂಬತ್ಮೂರರ ಬೇಸಿಗೆಯಲ್ಲಿ ಅಣ್ಣ ಪುಟ್ಟಸ್ವಾಮಿಯ ಜೊತೆ ಕುಲುಮೆಯ ಮುಂದೆ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದಾಗ, ಗೋಡೆಗೆ ಒರಗಿಸಿದ್ದ ಇನ್ನೊಂದು ಚಕ್ರ ಉರುಳಿ ಬಲಗಾಲಿನ ಮೇಲೆ ಬಿದ್ದಿತ್ತು. ಮೂಳೆ ಕೂಡಿಕೊಂಡಿತು. ಪಾದ ಮಾತ್ರ ಮರದ ತುಂಡಿನಂತೆ ಬಿಗಿದು ನಿಂತಿತು.

ಕುಲುಮೆ ಕೆಲಸಕ್ಕೆ ಅದರಿಂದ ದೊಡ್ಡ ಅಡ್ಡಿಯೇನೂ ಆಗಲಿಲ್ಲ. ಕುಡುಗೋಲು ಬಡಿಯುವುದಕ್ಕೆ ಕೈ ಸಾಕು. ಆದರೆ ತಿಮ್ಮರಾಜು ಹತ್ತು ವರ್ಷದಿಂದ ಹಾಡುಗಾರ ರಂಗಸ್ವಾಮಿಯ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ಬೇಸ್ ಡ್ರಮ್ಮಿನ ಪೆಡಲನ್ನು ಒತ್ತುವುದು ಬಲಪಾದ. ಅದರ ತುದಿ ಮೆತ್ತಗೆ ಇಳಿದರೆ ಸುತ್ತಿಗೆ ಹೋಗಿ ಚರ್ಮಕ್ಕೆ ತಾಗಬೇಕು. ಅವನು ಇಡೀ ಕಾಲನ್ನೇ ಎತ್ತಿ ಕುಕ್ಕಿ ನೋಡಿದ. ಒನಕೆಯಲ್ಲಿ ರಾಗಿ ಕುಟ್ಟಿದ ಹಾಗೆ ಕೇಳಿಸಿತು.

ಮೂಸಂಬಿ ಹಿಡಿದುಕೊಂಡು ನೋಡಲು ಬಂದ ರಂಗಸ್ವಾಮಿ ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಹೇಳಿದ: “ತಪ್ಪು ತಿಳ್ಕಬ್ಯಾಡ ಕಣ್ಲಾ ತಿಮ್ಮ. ಸೀಸನ್ನು ಬಂದ್ಬುಡ್ತು. ಒಬ್ಬ ರಿದಮ್ ಪ್ಯಾಡ್ ಹುಡುಗನ್ನ ಮಾತಾಡಿದ್ದೀನಿ.”

“ಮಾಡು ಬುಡಣ್ಣ,” ಎಂದ ತಿಮ್ಮರಾಜು.

ಆರ್ಕೆಸ್ಟ್ರಾದ ವ್ಯಾನು ಆಮೇಲೂ ಅದೇ ಬೀದಿಯಲ್ಲಿ ಹೋಗುತ್ತಿತ್ತು. ಮೊದಮೊದಲು ಹಾರನ್ ಹೊಡೆಯುತ್ತಿದ್ದರು. ಬರಬರುತ್ತಾ ಅದೂ ನಿಂತಿತು. ಕಾಲು ಎಳೆಯುವವನಿಗೆ ಹೆಣ್ಣು ಕೊಡುವ ಮಾತನ್ನು ನೆಂಟರೂ ಕೈಬಿಟ್ಟರು. ಅಣ್ಣನ ಮನೆಯಲ್ಲಿ ಊಟಕ್ಕೆ, ಅಕ್ಕರೆಗೆ ಕೊರತೆಯಿರಲಿಲ್ಲ. ಆದರೆ ಹಾಡಿನ ನಡುವೆ ಗಾಯಕ ಒಮ್ಮೆ ಹಿಂತಿರುಗಿ ನೋಡುತ್ತಾನಲ್ಲ, ಆ ನೋಟಕ್ಕೆ ಕೋಲಿನಲ್ಲಿ ಉತ್ತರ ಕೊಡುವ ಸುಖವನ್ನು ಯಾರಿಗೆ ಬಿಡಿಸಿ ಹೇಳುವುದು?

ಒಂದು ಹಳೆಯ ಬೇಸ್ ಡ್ರಮ್ಮನ್ನು ತಂದು ಕುಲುಮೆಯ ಹಿಂದಿನ ಕೊಟ್ಟಿಗೆಯಲ್ಲಿಟ್ಟ. ಪಾದ ಆಡದಿದ್ದರೇನು, ಮೊಣಕಾಲು ಏಳುತ್ತದಲ್ಲ ಎಂಬ ಯೋಚನೆ ಅವನಿಗೆ ಹೊಳೆದದ್ದು ಅಲ್ಲೇ. ತೊಡೆಗೆ ಒಂದು ಚರ್ಮದ ಪಟ್ಟಿ, ಅದರಿಂದ ಕೆಳಗಿಳಿಯುವ ಸೈಕಲ್ ಬ್ರೇಕಿನ ತಂತಿ, ನೆಲದ ಹಲಗೆಯಲ್ಲೊಂದು ಪುಟ್ಟ ರಾಟೆ, ಅಲ್ಲಿಂದ ಸುತ್ತಿಗೆಗೆ. ಮೊಣಕಾಲು ಎತ್ತಿದರೆ ತಂತಿ ಎಳೆದು ಏಟು ಬೀಳುತ್ತಿತ್ತು. ಇಳಿಸಿದರೆ ಸ್ಪ್ರಿಂಗು ಸುತ್ತಿಗೆಯನ್ನು ಹಿಂದಕ್ಕೆಳೆಯುತ್ತಿತ್ತು. ತಂತಿ ಹರಿಯಿತು, ರಾಟೆ ಕಿರುಗುಟ್ಟಿತು, ತೊಡೆ ತರಚಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಕೊಟ್ಟಿಗೆಯಿಂದ ದುಮ್ ದುಮ್ ಎಂದು ದುಂಡಗಿನ ಸದ್ದು ಬರತೊಡಗಿತು.

ಸರಿಯಾಗಿದೆಯೋ ಇಲ್ಲವೋ ಹೇಳುವವರು ಬೇಕಿತ್ತು. ಪುಟ್ಟಸ್ವಾಮಿಯನ್ನು ಕೇಳಿದರೆ, “ಸದ್ದು ಬತ್ತದಲ್ಲ, ಇನ್ನೇನ್ಲಾ?” ಎಂದ. ತಿಮ್ಮರಾಜು ಪೆಡಲನ್ನು ಗೋಣಿಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಕೆ.ಆರ್. ಪೇಟೆಯ ಡ್ರಮ್ಮರ್ ಒಬ್ಬ ನೋಡಿದವನೇ ಪಕ್ಕದ ಅಂಗಡಿಯವರನ್ನೆಲ್ಲ ಕೂಗಿ ಕರೆದ. “ಬನ್ರಲಾ, ಡ್ರಮ್ಮಿಗೆ ಬ್ರೇಕ್ ಹಾಕ್ಸವ್ನೆ!” ಎಂದು ನಕ್ಕ. ಕೆಟ್ಟ ನಗುವೇನಲ್ಲ ಅದು. ಟೀಯನ್ನೂ ಕುಡಿಸಿಯೇ ಕಳಿಸಿದ. ಆದರೆ ತಿಮ್ಮರಾಜು ಬಾರಿಸಿದ್ದನ್ನು ಅವನು ಕೇಳಲೇ ಇಲ್ಲ.

ನಾಗಮಂಗಲದ ಚೌಡಯ್ಯ ಹುಡುಗರಿಗೆ ಡ್ರಮ್ಸ್ ಕಲಿಸುತ್ತಿದ್ದವನು. ಅವನು ಪಟ್ಟಿಯನ್ನು ತನ್ನ ತೊಡೆಗೇ ಕಟ್ಟಿಕೊಂಡು ಕೂತ. ಎರಡು ಏಟು ಸರಿ ಬಿತ್ತು, ಮೂರನೆಯದು ತಪ್ಪಿತು. ಬೆವರೊರೆಸಿಕೊಂಡು, “ತುಳಿದ್ರೆ ಏಟು ಅಂತ ನಮ್ಮ ಕಾಲ್ಗೆ ಗೊತ್ತು. ಇದು ಎತ್ತಿದ್ರೆ ಏಟು ಅಂತದೆ. ನಿನ್ನೊಬ್ಬನ್ಗೇ ಇದು ಒಗ್ಗೋದು ಕಣಪ್ಪ,” ಎಂದ. ಹೊಗಳಿದನೋ ತೆಗಳಿದನೋ ತಿಳಿಯದೆ ತಿಮ್ಮರಾಜು ಚೀಲದ ಬಾಯಿ ಕಟ್ಟಿದ. ‘ನಿನ್ನೊಬ್ಬನ್ಗೇ’ ಅನ್ನುವ ಮಾತು ಬಸ್ಸಿನುದ್ದಕ್ಕೂ ಕಿವಿಯಲ್ಲಿತ್ತು.

ಕೊನೆಗೆ ಶ್ರೀರಂಗಪಟ್ಟಣದ ಗಂಜಾಮಿಗೆ ಹೋದ. ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಸೈಡ್ ಡ್ರಮ್ ಬಾರಿಸಿ ಮನೆ ಸೇರಿದ್ದ ಕರಿಯಯ್ಯ ಅಲ್ಲಿದ್ದ. ಕಣ್ಣು ಮಂಜಾಗಿದ್ದ ಮುದುಕ. ಪೆಡಲನ್ನು ಮುಟ್ಟಿಯೂ ನೋಡಲಿಲ್ಲ. ಜಗುಲಿಯ ಮೇಲೆ ತನ್ನ ಡ್ರಮ್ಮನ್ನು ಮಡಿಲಿಗೆಳೆದುಕೊಂಡು, ಮೂಲೆಯಲ್ಲಿದ್ದ ಬ್ಯಾಂಡಿನ ದೊಡ್ಡ ಡ್ರಮ್ಮನ್ನು ತೋರಿಸಿ, “ಅದಕ್ಕೆ ಕಟ್ಕೊ. ನಡಿ, ಒಟ್ಗೆ ಬಾರಿಸವ,” ಎಂದ.

ಬಾರಿಸಿದರು. ತಿಮ್ಮರಾಜುವಿಗೆ ಮೈಯೆಲ್ಲ ಹಗುರಾಯಿತು. ಸ್ವಲ್ಪ ಹೊತ್ತಿಗೆ ಮುದುಕ ಕೋಲುಗಳನ್ನು ಕೆಳಗಿಟ್ಟಿದ್ದು ಅವನಿಗೆ ಕಾಣಿಸಿತು. ಯಾವಾಗ ಇಟ್ಟನೋ!

“ಯಾಕ್ ತಾತ, ಚೆನ್ನಾಗಿಲ್ವ?”

“ಪೆಡ್ಲು ಚೆನ್ನಾಗದೆ. ನಾನು ನಿಧಾನ ಮಾಡ್ದೆ, ನೀನು ಮಾಡ್ಲಿಲ್ಲ. ನಾನು ನಿಂತ್ಬುಟ್ಟೆ, ನೀನು ನಿಲ್ಲಲಿಲ್ಲ.” ಕರಿಯಯ್ಯ ಎಲೆಯಡಿಕೆಯ ಚೀಲಕ್ಕೆ ತಡಕಾಡಿದ. “ಒಬ್ನೇ ಬಾರಿಸೀ ಬಾರಿಸೀ ಕಿವಿ ಮುಚ್ಚೋಗದೆ ಕಣ್ ಮಗ. ಕಾಲಿನ್ದಲ್ಲ ತಪ್ಪು.”

ತಿಮ್ಮರಾಜುವಿಗೆ ಅಳು ಬಂತು. ಪೆಡಲು ಸರಿಯಿಲ್ಲ ಅಂದಿದ್ದರೆ ಮತ್ತೆ ಕಾಯಿಸಿ ಬಡಿದು ಸರಿ ಮಾಡಬಹುದಿತ್ತು. ಮುದುಕನಿಗೆ ಅದು ಕಂಡಿತೋ ಇಲ್ಲವೋ, “ಬಿಡುವಾದಾಗ ಬಾ. ನಂಗೂ ಯಾರೂ ಇಲ್ಲ ಜತೆಗೆ ಬಾರಿಸಕ್ಕೆ,” ಎಂದ.

ಹೀಗೆ ಎರಡು ವರ್ಷ ನಡೆಯಿತು. ಕುಲುಮೆಯ ಕೆಲಸ ಕಡಿಮೆಯಿದ್ದ ದಿನ ತಿಮ್ಮರಾಜು ಗಂಜಾಮಿಗೆ ಹೋಗುತ್ತಿದ್ದ. ಇಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ. ಮುದುಕ ಬೇಕೆಂದೇ ತಾಳ ಎಳೆಯುತ್ತಿದ್ದ, ಓಡಿಸುತ್ತಿದ್ದ, ನಡುವೆ ಉಸಿರು ಹಿಡಿಯುತ್ತಿದ್ದ. ತಿಮ್ಮರಾಜುವಿನ ಮೊಣಕಾಲು ಆ ಉಸಿರಿಗೆ ಕಾಯುವುದನ್ನು ಕಲಿಯಿತು.

ತಿಮ್ಮರಾಜು ಮತ್ತೆ ಬಾರಿಸುತ್ತಿದ್ದಾನೆ ಎಂಬ ಸುದ್ದಿ ರಂಗಸ್ವಾಮಿಯ ಕಿವಿಗೂ ಬಿತ್ತು. ಕೆ.ಆರ್. ಪೇಟೆಯ ಒಂದು ಛತ್ರದಲ್ಲಿ ಮದುವೆಯ ಆರತಕ್ಷತೆಗೆ ಅವನನ್ನು ಕರೆಸಿದ. ಹಳೆಯ ಕುರ್ಚಿ, ಹಳೆಯ ಜಾಗ. ಎರಡನೆಯ ಹಾಡಿನಲ್ಲಿ ರಂಗಸ್ವಾಮಿ ಒಂದು ಕಡೆ ಸ್ವರವನ್ನು ಎಳೆದು ಹಿಂತಿರುಗಿ ನೋಡಿದ. ತಿಮ್ಮರಾಜು ಮೊಣಕಾಲನ್ನು ಎತ್ತದೆ ತಡೆದ. ಸ್ವರ ಇಳಿದ ಕಡೆಗೇ ಏಟು ಬಿತ್ತು. ರಂಗಸ್ವಾಮಿ ಕಣ್ಣರಳಿಸಿದ. ನಾಲ್ಕು ವರ್ಷದ ಮೇಲೆ ತಿಮ್ಮರಾಜು ಹಲ್ಲು ಬಿಟ್ಟು ನಕ್ಕದ್ದು ಅಂದೇ.

ಹಾಡು ಮುಗಿಯಿತು. ರಂಗಸ್ವಾಮಿ ಮೈಕು ಹಿಡಿದು, “ಎಲ್ರೂ ಒಂದ್ಸಲ ಇತ್ಲಾಗ್ ನೋಡಿ! ಕಾಲಿಲ್ದೆ ಡ್ರಮ್ಸ್ ಬಾರಿಸೋ ಕಲಾವಿದ! ತಿಮ್ಮ, ಎದ್ದು ಆ ಪಟ್ಟಿ ತೋರ್ಸಪ್ಪ!” ಎಂದ. ಪ್ರೀತಿಯಿಂದಲೇ ಅಂದದ್ದು. ಮಕ್ಕಳು ವೇದಿಕೆಗೆ ನುಗ್ಗಿದರು. ಯಾರೋ ತಂತಿ ಎಳೆದು ದುಮ್ ಅನ್ನಿಸಿದರು. ಆಮೇಲಿನ ಹಾಡುಗಳಿಗೆ ಜನ ಕಿವಿಗೊಡಲಿಲ್ಲ, ಅವನ ತೊಡೆಯನ್ನೇ ನೋಡುತ್ತಿದ್ದರು. ತಿಮ್ಮರಾಜು ಕೊನೆಯ ತನಕ ಬಾರಿಸಿದ. ಮತ್ತೆರಡು ಸಲ ವ್ಯಾನು ಮನೆ ಮುಂದೆ ಬಂದು ನಿಂತಾಗ ಮೈ ಸರಿಯಿಲ್ಲ ಅಂತ ಹೇಳಿ ಕಳಿಸಿದ.

ಕರಿಯಯ್ಯನಿಗೆ ಅದನ್ನು ಹೇಳಿದಾಗ ಅವನು, “ಆ ಎಳ್ದ ಕಡೆ ನಿಂತ್ಯಾ?” ಎಂದು ಕೇಳಿದ.

“ನಿಂತೆ ತಾತ.”

“ಅಷ್ಟೇ ಬುಡು ಮತ್ತೆ.”

ತೊಂಬತ್ತೆಂಟರ ಮಳೆಗಾಲದಲ್ಲಿ ಕರಿಯಯ್ಯ ತೀರಿಕೊಂಡ. ಸುದ್ದಿ ತಿಳಿದು ತಿಮ್ಮರಾಜು ಗಂಜಾಮು ಮುಟ್ಟುವ ಹೊತ್ತಿಗೆ ಹೆಣ ಎತ್ತಿದ್ದರು. ಬ್ಯಾಂಡಿನ ಹಳೆಯ ಜೊತೆಗಾರರೆಲ್ಲ ಬಂದು ಮುಂದೆ ಬಾರಿಸಿಕೊಂಡು ಹೋಗುತ್ತಿದ್ದರು. ನಡೆಯುತ್ತಾ ಬಾರಿಸುವ ಬ್ಯಾಂಡಿನಲ್ಲಿ ಕೂತು ಬಾರಿಸುವವನಿಗೆ ಜಾಗವಿಲ್ಲ. ಅವನು ಹಿಂದಿನಿಂದ ಕಾಲೆಳೆಯುತ್ತಾ ನಡೆದ. ಮೆರವಣಿಗೆ ತಿರುವಿನಲ್ಲಿ ಮರೆಯಾಯಿತು. ಡ್ರಮ್ಮಿನ ಸದ್ದು ಸ್ವಲ್ಪ ದೂರ ದಾರಿ ತೋರಿಸಿತು, ಆಮೇಲೆ ಅದೂ ಕೇಳಿಸದಾಯಿತು. ಅವನು ಕಾವೇರಿ ದಡಕ್ಕೆ ಬಂದಾಗ ಎಲ್ಲ ಮುಗಿದು ಜನ ಮುಳುಗೆದ್ದು ಹೊರಟಿದ್ದರು. ಬೆಂಕಿಯ ಹತ್ತಿರ ಇಬ್ಬರಷ್ಟೇ ಉಳಿದಿದ್ದರು. ಅವರಿಗೆ ಇವನ ಗುರುತಿಲ್ಲ. ಯಾರು ಅಂತ ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಬಿಸಿಲು ಇಳಿಯುವ ತನಕ ಕಲ್ಲಿನ ಮೇಲೆ ಕೂತಿದ್ದ.

ಪಾಂಡವಪುರದಲ್ಲಿ ಬಸ್ಸಿಳಿದು ಮನೆಗೆ ಬಂದರೂ ಒಳಗೆ ಹೋಗದೆ ಅಂಗಳದಲ್ಲೇ ನಿಂತ. ಕುಲುಮೆ ಮುಚ್ಚುತ್ತಿದ್ದ ಪುಟ್ಟಸ್ವಾಮಿ ನೋಡಿದ.

“ಯಾಕ್ಲಾ, ಅಲ್ಲೇ ನಿಂತ್ಕಂಡೆ?”

“ಸಾವಿಗೋಗಿದ್ದೆ.”

“ಯಾರ್ದು?”

ತಿಮ್ಮರಾಜು ಯೋಚಿಸಿದ. ಕರಿಯಯ್ಯ ನೆಂಟನಲ್ಲ, ಕುಲಸ್ಥನಲ್ಲ, ಊರಿನವನೂ ಅಲ್ಲ.

“ನಮ್ಮೋರೊಬ್ರು,” ಎಂದ.

ಪುಟ್ಟಸ್ವಾಮಿ ಹಿತ್ತಲಿಗೆ ಹೋಗಿ ಒಲೆಗೆ ಸೌದೆ ಇಟ್ಟು, ಸ್ನಾನಕ್ಕೆ ನೀರು ಕಾಯಲು ಇಟ್ಟ.