ಮಂಜಿನೊಳಗಿನ ಚಹಾದಂಗಡಿ

ಖಾನಾಪುರದಲ್ಲಿ ಬಸ್ ಹತ್ತುವಾಗ ಅಕ್ಕ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಬುಂದಿ ಉಂಡಿಯ ಡಬ್ಬಿ ಹಿಡಿದಿದ್ದಳು. ನಾವು ಹೊರಟಿದ್ದು ಬೆಳಗಾವಿಯ ಚಿತ್ರಪ್ರದರ್ಶನಕ್ಕೆ. ಪತ್ರಿಕೆಯಲ್ಲಿ ಬಂದಿದ್ದ ಅದರದೊಂದು ಚಿತ್ರ, ಕಾರ್ಖಾನೆಗಳಿರುವ ಉದ್ಯಮಬಾಗದ ರಸ್ತೆಯದು. ಅಲ್ಲೇ ಅಕ್ಕನ ಗಂಡ, ನಮ್ಮ ಮಾವ, ಚಹಾದಂಗಡಿ ಇಟ್ಟಿದ್ದರು. ಹಿಂದಿನ ಖೋಲಿಯಲ್ಲಿ ಸಂಸಾರ. ರಸ್ತೆ ಅಗಲವಾದಾಗ ಅಂಗಡಿ ಹೋಯಿತು. ಹೋದ ವರ್ಷ ಮಾವನೂ ಹೋದರು. ಅಂಗಡಿಯದೊಂದು ಫೋಟೋ ಕೂಡ ಉಳಿದಿಲ್ಲ. "ಆ ಚಿತ್ರದಾಗ ನಮ್ಮ ಅಂಗಡಿ ಇರಬೇಕೋ" ಎಂದು ಅಕ್ಕ ನನ್ನ ಬೆನ್ನು ಹತ್ತಿದ್ದಳು.

ಇಪ್ಪತ್ತೈದು ಕಿಲೋಮೀಟರ್ ದಾರಿ, ಜಿಟಿಜಿಟಿ ಮಳೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ದುಡ್ಡು ಕೊಟ್ಟ ನಾನು ನಿಂತೇ ಹೋದೆ. ಉದ್ಯಮಬಾಗ ಬಂದಾಗ ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ ಡಬ್ಬಿಯ ಮುಚ್ಚಳ ಒತ್ತುತ್ತ ಕೂತಳು.

ಮಸುಕು ಮಸುಕಾದ ಇಂಥ ಚಿತ್ರಗಳೆಂದರೆ ನನಗೆ ಅಷ್ಟಕ್ಕಷ್ಟೇ. ಆದರೆ ಪ್ರದರ್ಶನದ ಗೋಡೆಗಳ ಮುಂದೆ ನಿಂತು ನಿಂತು ನೋಡಿದೆ. ಒಂದು ಚಿತ್ರದಲ್ಲಿ ತೊಯ್ದ ಖಡೇಬಜಾರಿನ ಕೊಡೆಗಳು ಬಣ್ಣದಲ್ಲಿ ಕರಗಿದ್ದವು. ಇನ್ನೊಂದರಲ್ಲಿ ರೈಲ್ವೆ ಗೇಟಿನ ಬಳಿ ಸ್ಕೂಟರಿನ ಕೆಂಪು ದೀಪ ನೀರಿನಲ್ಲಿ ಉದ್ದಕ್ಕೆ ಹರಿದಿತ್ತು. ಇಷ್ಟು ವರ್ಷ ಬೈದುಕೊಂಡೇ ತಿರುಗಾಡಿದ ಊರು ಇಷ್ಟು ಚೆಂದವಿದೆಯೆಂದು ನೋಡಿ ಖುಷಿಯಾಯಿತು.

ಚಿತ್ರ ಬಿಡಿಸಿದ ಹೆಣ್ಣುಮಗಳಿಗೆ ಮೂವತ್ತರ ಆಸುಪಾಸು. ಅಕ್ಕ ಅಂಗಡಿಯ ವಿಷಯ ಹೇಳಿದ್ದೇ ತಡ, "ಬರ್ರಿ ಅಕ್ಕಾರ" ಎಂದು ಉದ್ಯಮಬಾಗದ ಚಿತ್ರದ ಮುಂದೆ ನಿಲ್ಲಿಸಿದಳು. ಅಕ್ಕ ಮೂಗು ತಾಗುವಷ್ಟು ಬಗ್ಗಿದಳು. ಬೂದು, ನೀಲಿ ಮಂಜು, ನಡುವೆ ಒಂದು ಹಳದಿ ಮಚ್ಚೆ.

"ಏನೂ ಕಾಣವಲ್ದಲ್ರೀ. ನಮ್ಮವರ ಹೆಸರಿನ ಬೋರ್ಡ್ ಆದ್ರೂ ಬರೀರಿ" ಎಂದಳು. ಅವಳ ಕಣ್ಣು ತುಂಬಿತ್ತು.

ಕಲಾವಿದೆ ತುಸು ಹೊತ್ತು ತನ್ನ ಚಿತ್ರವನ್ನೇ ನೋಡಿದಳು. ಹೆಸರು ಬರೆದರೆ ಮಂಜು ಕೆಡುತ್ತದೆಂದು ನನ್ನಂಥವನಿಗೂ ಗೊತ್ತಾಗುತ್ತಿತ್ತು. "ಬರೀತೀನ್ರಿ. ಬೋರ್ಡ್ ಎಲ್ಲಿತ್ತು, ತೋರಸ್ರಿ" ಎಂದಳು.

ತೋರಿಸಲು ಅಕ್ಕ ಹಿಂದೆ ಸರಿದಳು. ಬಾಗಿಲವರೆಗೆ ಹೋದವಳು ಕೈ ಎತ್ತಿ ಹಾಗೇ ನಿಂತಳು. ಅಲ್ಲಿಂದ ನೋಡಿದರೆ ಬೂದು ಬಣ್ಣ ನಸುಕಿನ ರಸ್ತೆಯಾಗಿತ್ತು. ಫೌಂಡ್ರಿಗೆ ಹೊರಟ ನಾಲ್ಕು ಮಂದಿ ಆ ಹಳದಿ ಬೆಳಕಿನತ್ತ ನಡೆಯುತ್ತಿದ್ದರು.

"ಬ್ಯಾಡ ಯವ್ವಾ, ಬರೀಬ್ಯಾಡ. ಆ ಹೊತ್ತಿನ್ಯಾಗ ಬೋರ್ಡ್ ಯಾರಿಗೂ ಕಾಣತಿದ್ದಿಲ್ಲ. ದೀಪ ನೋಡಿ ಬರತಿದ್ರು" ಎಂದು ಉಂಡಿಯ ಡಬ್ಬಿಯನ್ನು ಅವಳ ಕೈಗಿಟ್ಟಳು.

ಸಂಜೆ ಮರಳುವಾಗ ಉದ್ಯಮಬಾಗದಲ್ಲಿ ಅಕ್ಕ ಸೆರಗಿನಿಂದ ಕಿಟಕಿಯ ಗಾಜು ಒರೆಸಿ, ಬಸ್ ಆ ಜಾಗ ದಾಟುವವರೆಗೂ ನೋಡಿದಳು.

"ಮಾವನ ದೀಪ ಖರೇನ ಚೊಲೋ ಬಂದೈತಿ ಅಕ್ಕಾ" ಎಂದೆ.

"ನಿಮ್ಮ ಮಾವ ಒಳಗ ಸ್ಟೋ ಹಚ್ಚತಿದ್ರು" ಎಂದಳು ಅಕ್ಕ. "ದಿನಾ ನಸುಕಿನ್ಯಾಗ ಎದ್ದು ಆ ದೀಪ ಹಚ್ಚತಿದ್ದಾಕಿ ನಾನ."