ಮಿಲ್ಕಾಬಾಯಿಯ ಬಾಯಲ್ಲಿ ನೀರು

ಮಿಲ್ಕಾಬಾಯಿಯ ಮುತ್ತಜ್ಜ ಕೊಂಕಣದಲ್ಲಿ ಗಾಣ ಹೊಡೆಯುತ್ತಿದ್ದ ಯಹೂದಿ. ದೇವರು ಹೇಳಿದ ವಿಶ್ರಾಂತಿಯ ದಿನವೆಂದು ಶನಿವಾರ ಎತ್ತಿನ ಹೆಗಲಿಗೆ ನೊಗ ಇಡದವನು. ಮಗಳ ಮದುವೆಗೆ ಎಣ್ಣೆ ಬೇಕೆಂದು ಊರ ಪಾಟೀಲನೇ ಬಾಗಿಲಲ್ಲಿ ನಿಂತರೂ ‘ನಾಳೆ ಬನ್ನಿ’ ಎಂದು ಕಳಿಸಿದವನು. ಅಜ್ಜ ರೈಲಿನ ಕೆಲಸ ಹಿಡಿದು ಉದಗೀರಿಗೆ ಬಂದ. ಅಜ್ಜಿ ಸಾರಾಬಾಯಿ ಸೂಲಗಿತ್ತಿ. ದೇವಣಿಯ ತನಕ ಗಾಡಿ ಕಟ್ಟಿಸಿಕೊಂಡು ಹೋಗಿ ಹೆರಿಗೆ ಮಾಡಿಸಿದಾಕೆ. ಎಂದೂ ದನಿ ಏರಿಸಿದವಳಲ್ಲ.

ಆ ತಣ್ಣನೆಯ ಗುಣ ಮೊಮ್ಮಗಳ ತನಕ ಬರುವಷ್ಟರಲ್ಲಿ ಎಲ್ಲೋ ಸೋರಿಹೋಗಿತ್ತು. ಮಿಲ್ಕಾಬಾಯಿಯ ಸಿಟ್ಟು ಒಲೆಯ ಮೇಲಿನ ಅಂಬಲಿ. ಮುಖ ತಿರುಗಿಸಿದರೆ ಸಾಕು, ಉಕ್ಕಿತು. ಅದರಲ್ಲೂ ಶುಕ್ರವಾರ. ಹೊತ್ತು ಮುಳುಗುವುದರೊಳಗೆ ಎರಡು ದಿನದ ಅಡಿಗೆ ಆಗಬೇಕು, ಮನೆ ತೊಳೆಯಬೇಕು, ಗಾಜಿನ ಲೋಟದಲ್ಲಿ ನೀರು, ಎಣ್ಣೆ ಹಾಕಿ ಬತ್ತಿ ಹಚ್ಚಬೇಕು. ಅಲ್ಲಿಂದ ಶನಿವಾರ ಸಂಜೆಯ ತನಕ ದೇವರ ದಿನ, ಬೆಂಕಿ ಮುಟ್ಟುವಂತಿಲ್ಲ. ಅವರ ಪ್ರಾರ್ಥನಾ ಮಂದಿರ ದೂರದ ಪುಣೆಯಲ್ಲಿ. ಇಲ್ಲಿ ಧರ್ಮವೆಲ್ಲ ಈಕೆಯ ಅಡಿಗೆಮನೆಯಲ್ಲೇ ನಡೆಯಬೇಕು. ಗಂಡ ನಿಲಂಗಾದಲ್ಲಿ ಮೋಟಾರು ರಿಪೇರಿ ಮಾಡುತ್ತ ಕೂತಿರುತ್ತಾನೆ. ಸಿಟ್ಟೆಲ್ಲ ಹದಿನಾಲ್ಕರ ಮಗಳು ಡೀನಾಳ ತಲೆಗೆ.

ದೀಪ ಹಚ್ಚಿದ ಮೇಲೆ ತಾಯಿ ‘ಶಾಂತಿ’ ಎಂದು ಹರಸಿ ಎರಡೂ ಕೈ ಚಾಚುವುದು, ಮಗಳು ಆ ಕೈ ಮುಟ್ಟಿ ತನ್ನ ಬೆರಳು ತುಟಿಗೆ ಒತ್ತಿಕೊಳ್ಳುವುದು ಅವರ ಪದ್ಧತಿ. ಕಳೆದ ಮಳೆಗಾಲದ ಒಂದು ಶುಕ್ರವಾರ ಡೀನಾ ಮುಟ್ಟಲಿಲ್ಲ.

“ಹಗಲೆಲ್ಲಾ ಬೈದು ಈಗ ಶಾಂತಿ ಅಂತ ಕೈ ಮುಂದ ಮಾಡ್ತಿ. ನಾ ಮುಟ್ಟಲ್ಲ ಆಯಿ.”

ಮಿಲ್ಕಾಬಾಯಿ ಅಂದೇ ಹಟ ತೊಟ್ಟಳು: ಶುಕ್ರವಾರ ಬೈಯಬಾರದು, ಸಿಟ್ಟು ಬಂದರೆ ಬಾಯಿ ತುಂಬ ನೀರು ಹಿಡಿಯಬೇಕು. ಮುಂದಿನ ವಾರ ಪಲ್ಯ ಹೊತ್ತಿತು, ನೀರು. ಮಗಳು ಮೊಬೈಲು ಹಿಡಿದು ಕೂತಳು, ಮತ್ತೆ ನೀರು. ಸಂಜೆಯ ಹೊತ್ತಿಗೆ ಒಂದು ತಂಬಿಗೆ ಖಾಲಿ. ಆಗಲೇ ಡೀನಾ ಅಂಕಪಟ್ಟಿ ತಂದು ಮುಂದೆ ಹಿಡಿದಳು. ತಾಯಿ ಕೆನ್ನೆ ಉಬ್ಬಿಸಿಕೊಂಡೇ, ತಡೆ ಎಂದು ಕೈ ಅಲ್ಲಾಡಿಸಿದಳು. ಅತ್ತ ಹೋಗು ಎಂದಂತೆ ಕಂಡಿತು ಮಗಳಿಗೆ.

“ಬೈತಿದ್ದಿ, ಅದೇ ಛಲೋ ಇತ್ತು. ಈಗ ಮಾತೇ ಬಿಟ್ಟಿ!” ಎಂದವಳೇ ಮಾಳಿಗೆ ಹತ್ತಿದಳು.

ಪಕ್ಕದ ಮನೆಯ ಪ್ರಯಾಗಬಾಯಿ ಆಗಷ್ಟೇ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಹಸಿ ಇರುವಾಗಲೇ ಅಂಗಳಕ್ಕೆ ಬಂದಳು.

“ಏನ್ರೀ, ಗಲ್ಲದಾಗ ಲಿಂಬಿಹಣ್ಣ ಇಟ್ಕೊಂಡೀರೇನು?”

ಮಿಲ್ಕಾಬಾಯಿ ನೀರು ಉಗುಳಿ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಮೇಲೇ ರೇಗಿದಳು. “ದೇವರ ದಿನಾನೂ ಒಂದ ತಾಸ ನೆಟ್ಟಗ ಇರೋದ ಆಗವಲ್ದು ನನಗ!”

“ಇಷ್ಟಕ್ಕ ಸಿಟ್ಟಿಗೇಳ್ತೀರೇನು? ನಾ ಮ್ಯಾಲ ಹೋಗಿ ಕಿವಿ ಹಿಡದ ತರ್ತೀನಿ. ನಮ್ಮ ಸೊಸಿ ದೀಪಾಲಿಗೇ ದಿನಾ ಪಾದಕ್ಕ ಬೀಳಸ್ತೀನಿ, ಇಕಿ ಕೈ ಮುಟ್ಟಲ್ಲೇನು?” ಪ್ರಯಾಗಬಾಯಿ ಸೆರಗು ಸಿಕ್ಕಿಸಿ ಎರಡು ಮೆಟ್ಟಿಲು ಹತ್ತಿಯೇಬಿಟ್ಟಳು.

“ಬ್ಯಾಡ್ರೀ ಅಕ್ಕಾ, ಇಳೀರಿ ಕೆಳಗ. ನೀವ ತಂದ್ರ ಆಕಿ ಬರ್ತಾಳ, ಮುಟ್ತಾಳ, ನನಗ ಗೊತ್ತದ. ಆದ್ರ ಅದು ಅಂಜಿ ಮುಟ್ಟಿದ್ದ ಆಗ್ತದ. ಬೈದಾಕಿ ನಾ, ಮ್ಯಾಲ ಆಕಿ ಹಂತ್ಯಾಕ ಹೋಗಾಕಿನೂ ನಾನೇ. ಎಷ್ಟ ಮಾರ್ಕ್ಸ್ ತಂದಾಳೋ, ಅದೂ ನೋಡಿಲ್ಲ ನಾ. ಹೊತ್ತ ಮುಳುಗಲಿಕ್ಕ ಇನ್ನಾ ಅರ್ಧಾ ತಾಸ ಅದ. ನೀವ ಮನಿಗಿ ನಡೀರಿ.”