ಹಲ್ಲಿನ ಗುರುತಿದ್ದ ಸ್ಕ್ರೂಡ್ರೈವರ್

ಮಿಸ್ತ್ರಿಕಾಕಾರ ಉದ್ದನೆಯ ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಯ ಮೇಲೆ ಎರಡು ಸಾಲು ಹಲ್ಲಿನ ಗುರುತುಗಳಿದ್ದವು. ಮೇಲೆ ನಾಲ್ಕು, ಕೆಳಗೆ ಮೂರು. ಕೆಳಗಿನ ಒಂದು ಹಲ್ಲು ಅವರಿಗೆ ಇರಲಿಲ್ಲ. ಮಕ್ಕಳು ಪೆನ್ಸಿಲು ಕಚ್ಚುವಂತೆ ಇವರಿಗೂ ಅದೊಂದು ಚಟ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ.

ಪುಣೆಯ ನಾನಾ ಪೇಠೆಯಲ್ಲಿ ನನ್ನದು ಗಾಡಿಗಳ ಬಿಡಿಭಾಗದ ಅಂಗಡಿ, ಗೋಡೆಯಾಚೆ ಅವರ ಗ್ಯಾರೇಜು. ತೊಂಬತ್ತರ ದಶಕದ ಮೊದಲಿಗೆ ನಾನು ಬಾಗಲಕೋಟೆಯಿಂದ ಬಂದು ಅಂಗಡಿ ಹಾಕಿದಾಗ ಅವರು ಆಗಲೇ ಅಲ್ಲಿ ಹಳಬರು. ಗಿರಾಕಿಗಳಿಗೆಲ್ಲ ಮಿಸ್ತ್ರಿ, ನನಗೆ ಮಿಸ್ತ್ರಿಕಾಕಾ. ಊರು ಜಮಖಂಡಿ ಕಡೆ. ದಿನವೆಲ್ಲ ಮರಾಠಿ, ನನ್ನ ಗಲ್ಲಾದ ಮುಂದೆ ಬಂದು ನಿಂತರೆ ಮಾತ್ರ ನನ್ನಜ್ಜ ಆಡುತ್ತಿದ್ದಂಥ ಕನ್ನಡ. ಚಹಾವನ್ನು ಬಸಿಗೆ ಸುರುವಿಕೊಂಡು ಕುಡಿಯುತ್ತ, "ಏನ ಸಾವಕಾರ್ರ, ಇವತ್ತರೆ ಖರೇ ಮಾಲ ಮಾರಾಕತ್ತೀರೋ ಇಲ್ಲೋ?" ಎಂದು ಕೆಣಕುವರು.

ಇಂಜಿನ್ನಿಗೆ ಗಾಳಿ ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರನ್ನು ಟ್ಯೂನ್ ಮಾಡುವುದರಲ್ಲಿ ಪೇಠೆಯಲ್ಲೇ ಅವರಿಗೆ ಸಾಟಿ ಇರಲಿಲ್ಲ. ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ ಗಾಡಿಗೆ ಜೇಜುರಿಯ ಖಂಡೋಬನ ಗುಡಿಯ ಅರಿಸಿನದ ಭಂಡಾರ ಹಚ್ಚಿಯೇ ಚಾಲೂ ಮಾಡುವರು. ಒಂದು ಬೀಡಿ ಮುಗಿಯುವ ತನಕ ಮತ್ತೆ ಕೈ ಹಚ್ಚುತ್ತಿರಲಿಲ್ಲ. "ಇಂಜಿನ್ ಬಿಸಿ ಆಗೂತನಕ ಅದರ ಮಾತು ನಂಬಬಾರದು" ಎನ್ನುವರು. ಆಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ಕಾರ್ಬುರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವುವರು. ಕೊನೆಗೆ ದಿವೇ ಘಾಟ ಹತ್ತಿಸಿ ಸಾಸವಡದ ತನಕ ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಚಹಾದ ಬಣ್ಣವಿದ್ದರೆ ಸರಿ. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಅಂಥ ಇಂಜಿನ್ ಕಾಯ್ದು ಕಾಯ್ದು ಒಂದು ದಿನ ಜಾಮ್ ಆಗುತ್ತದೆ.

ವರ್ಷ ಕಳೆದಂತೆ ಆ ಹಿಡಿ ಕಿವಿಯಿಂದ ದವಡೆಗೆ ಬಂತು, ದವಡೆಯಿಂದ ಹಲ್ಲಿಗೆ. ನಾನು ನೋಡುತ್ತಲೇ ಇದ್ದೆ, ಏನೂ ತಿಳಿಯಲಿಲ್ಲ. ಅವರು ಕೂಗಿ ಮಾತಾಡತೊಡಗಿದ್ದನ್ನೂ ಪೇಠೆಯ ಗದ್ದಲಕ್ಕೆ ಹಾಗೆ ಎಂದುಕೊಂಡೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸಾಸವಡದಾಚೆ ಗುಡ್ಡದ ಬುಡದಲ್ಲಿ, ಶಹರದ ಜನ ರವಿವಾರ ಹೋಗಿ ಕುಣಿದು ಬರುವ ರಿಸಾರ್ಟ್ ಒಂದಿತ್ತು. ಅದರ ಮಾಲಕ ಟೆಂಪೊದಲ್ಲಿ ಒಂದು ಗಾಡಿ ತಂದಿಳಿಸಿದ. ನಾಲ್ಕು ದಪ್ಪ ಗಾಲಿ, ಮೋಟರ್‌ಸೈಕಲ್ಲಿನಂಥ ಹ್ಯಾಂಡಲ್, ಕಲ್ಲು ಕೆಸರು ಎನ್ನದೆ ಹತ್ತುವ ಗಾಡಿ. ಕಾಕಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಮ್ಮಿಗೆ ಗಾಲಿ ಹಚ್ಯಾರ" ಎಂದರು. ಹೊಸ ಪಿಸ್ಟನ್, ಹೊಸ ರಿಂಗು ಹಾಕಿ, ಕಾರ್ಬುರೇಟರಿನ ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ತೊಳೆದು ಬಾಯಿಂದ ಊದಿ ಕೂಡಿಸಿದರು. ನಂಬರ್ ಪ್ಲೇಟಿಲ್ಲದ ಗಾಡಿ, ರಸ್ತೆಗಿಳಿಸುವಂತಿಲ್ಲ. ಘಾಟ ಹತ್ತಿಸುವಂತಿಲ್ಲ, ಪ್ಲಗ್ಗಿನ ಬಣ್ಣ ನೋಡುವಂತಿಲ್ಲ. ಉಳಿದದ್ದು ಕಿವಿಯೊಂದೇ.

ಅವತ್ತು ಅವರು ಹಿಡಿ ಕಚ್ಚಿಕೊಂಡು ಬಹಳ ಹೊತ್ತು ಕೂತರು. ಸ್ಕ್ರೂ ತಿರುವಿದರು, ಕಾರ್ಬುರೇಟರಿನೊಳಗೆ ಪೆಟ್ರೋಲಿನ ದಾರಿ ಕಿರಿದು ಮಾಡುವ ಸೂಜಿಯನ್ನೂ ಒಂದು ಗೀರು ಇಳಿಸಿದರು. ರೇಸ್ ಕೊಟ್ಟು ಬಿಟ್ಟಾಗ ಸದ್ದು ಥಟ್ಟನೆ ಇಳಿಯಬೇಕು. ಇಳಿಯಲಿಲ್ಲ. ಮೇಲೇ ತೂಗಾಡಿ, ಮನಸ್ಸಿಲ್ಲದವರಂತೆ ನಿಧಾನಕ್ಕೆ ಕೆಳಗೆ ಬಂತು. ಇಷ್ಟು ವರ್ಷ ಗೋಡೆಯಾಚೆಯಿಂದ ಅವರ ಕೆಲಸ ಕೇಳಿದವನಿಗೆ ಗೊತ್ತಾಗದೆ ಇರುತ್ತದೆಯೇ? ಗಾಳಿ ಹೆಚ್ಚಾಗಿತ್ತು. ಕಾಕಾ ತಲೆಯೆತ್ತಿ ನನ್ನನ್ನು ನೋಡಿದರು.

"ಹೆಂಗದ ತಮ್ಮಾ?"

ಅವರು ಯಾರನ್ನೂ ಹಾಗೆ ವಿಚಾರಿಸಿದವರಲ್ಲ. ಅದರಿಂದಲೇ ನನಗೆ ತಿಳಿಯಬೇಕಿತ್ತು. ಆದರೆ ಮಾಲಕ ಪಕ್ಕದಲ್ಲೇ ನಿಂತಿದ್ದ. ಮಂದಿಯ ಮುಂದೆ ಹಿರಿಯರ ಕೆಲಸಕ್ಕೆ ಕೊಂಕು ತೆಗೆಯುವುದನ್ನು ನಮ್ಮ ಮನೆಯಲ್ಲಿ ಕಲಿಸಿರಲಿಲ್ಲ.

"ಛಲೋ ಅದರೀ ಕಾಕಾ" ಎಂದೆ.

ಮೂರನೆಯ ದಿನ ಗಾಡಿ ಅದೇ ಟೆಂಪೊದಲ್ಲಿ ವಾಪಸು ಬಂತು. ಗುಡ್ಡದ ಮೇಲೆ ಇಂಜಿನ್ ಜಾಮ್ ಆಗಿ, ಗಾಲಿ ಕಚ್ಚಿ ನಿಂತು, ಓಡಿಸುತ್ತಿದ್ದವನು ಉರುಳಿ ಕೈ ಮುರಿದುಕೊಂಡಿದ್ದ. ಮಾಲಕ ಬೈದದ್ದನ್ನು ಇಲ್ಲಿ ಬರೆಯಲಾರೆ. ಕಾಕಾ ಅವನ ತುಟಿಗಳನ್ನೇ ನೋಡುತ್ತ ನಿಂತಿದ್ದರು. ಅವನು ಹೋದ ಮೇಲೆ ಪ್ಲಗ್ ಬಿಚ್ಚಿ ತಂದು ನನ್ನ ಗಲ್ಲಾದ ಮೇಲಿಟ್ಟರು. ಸುಣ್ಣದಂತೆ ಬೆಳ್ಳಗಿತ್ತು.

"ನಿನಗ ಗೊತ್ತಾಗಿತ್ತು" ಎಂದರು.

ನಾನು ತಲೆ ತಗ್ಗಿಸಿದೆ.

"ನನಗ ಕೇಳಸ್ತಿದ್ರ ನಿನ್ನ ಯಾಕ ವಿಚಾರಸ್ತಿದ್ದೆ ತಮ್ಮಾ?"

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ದಣಿದವರು ನೀರು ಬೇಡುವ ದನಿಯಲ್ಲಿ ಅಂದರು.

ಕಿವಿ ಹೋಗಿ ಆರು ವರ್ಷವಾಗಿತ್ತಂತೆ. ಮಂದಿಯ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದರು. ಹಲ್ಲಿನಿಂದ ಎಲುಬಿಗೆ ಇಳಿಯುವ ಸದ್ದಿನ ಮೇಲೆಯೇ ಅಷ್ಟು ದಿನ ನಡೆಸಿದ್ದರು. ಈಚೆಗೆ ಅದೂ ತೆಳುವಾಗುತ್ತ ಬಂದಿತ್ತು. ಈಗ ನರವೂ ಸೋತಿದೆ, ಕಿವಿಗೆ ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಆ ಇಂಜಿನ್ನನ್ನು ಮತ್ತೆ ಕಟ್ಟಿದರು. ಈ ಸಲ ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವರು ಸ್ಕ್ರೂ ತಿರುವಿ ನನ್ನ ಮುಖ ನೋಡುವರು, ನಾನು ಇಲ್ಲವೆಂದು ತಲೆ ಅಲ್ಲಾಡಿಸುವೆ. ಕಡೆಗೊಮ್ಮೆ ಸದ್ದು ಥಟ್ಟನೆ ಇಳಿಯಿತು, ಹೌದೆಂದೆ. ಗಾಡಿ ಹೋಯಿತು. ಮರುದಿನ ಅವರು ಗ್ಯಾರೇಜಿನ ಬಾಗಿಲು ತೆಗೆಯಲಿಲ್ಲ. ದಿನಾ ಬಂದು ಕೂಡುತ್ತೇನೆಂದು ಕೈಸನ್ನೆ ಮಾಡಿ ಅಂಗಲಾಚಿದೆ. "ಮಂದಿ ಕಿವೀಲೆ ಎಷ್ಟ ದಿನ ದುಡೀಲೋ?" ಎಂದರು, ಅಷ್ಟೇ.

ಕುರಕುಂಭದಲ್ಲಿ ಅವರ ಅಳಿಯನಿಗೆ ಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸ. ಮಗಳ ಮನೆಗೆ ಹೋಗಿ ಕೂತುಬಿಟ್ಟರು. ಒಂದೂವರೆ ವರ್ಷದ ಮೇಲೆ ಸ್ಕೂಟರಿನಲ್ಲಿ ನೋಡಲು ಹೋದೆ. ತುಂಬ ಸೊರಗಿದ್ದರು. ಹಿಂದಿನ ವಾರವಷ್ಟೇ ಇಂಜಿನ್ ಕಟ್ಟಿಸಿದ್ದೇನೆಂದು ಸನ್ನೆಯಲ್ಲಿ ತಿಳಿಸಿದ್ದೇ ತಡ, ಒಳಗಿನಿಂದ ಸ್ಕ್ರೂಡ್ರೈವರ್ ತಂದರು. ಚಾಲೂ ಇದ್ದ ಇಂಜಿನ್ನಿಗೆ ತುದಿ ಆನಿಸಿ, ಹಿಡಿ ಕಚ್ಚಿ, ಕಣ್ಣು ಮುಚ್ಚಿ, ಸ್ಕ್ರೂ ತಿರುವಿದರು. ಕಣ್ಣು ತೆರೆದು ನನ್ನನ್ನು ನೋಡಿದರು. ಸದ್ದು ಮೇಲೇ ತೂಗಾಡುತ್ತಿತ್ತು. ಇಲ್ಲವೆಂದೆ. ಹೀಗೆ ಏಳೆಂಟು ಸಲ. ಮಗಳು ನನ್ನ ಹತ್ತಿರ ಬಂದು, "ಛಲೋ ಆತು ಅನ್ರಿ ಅಣ್ಣಾ, ನಿಮ್ಮ ಕಾಲ ಬೀಳ್ತೀನಿ" ಎಂದಳು.

ನಾನು ಮತ್ತೆ ಇಲ್ಲವೆಂದೆ.

ಕಾಕಾ ಹಿಡಿಯನ್ನು ಬಾಯಿಂದ ತೆಗೆದು, ಧೋತರದ ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟರು. "ಈ ಸಲ ಖರೇ ಹೇಳಿದಿ. ಸಾಕು."

ಪುಣೆಯ ತನಕ ಪ್ರತಿ ಸಿಗ್ನಲ್ಲಿನಲ್ಲೂ ಸ್ಕೂಟರ್ ಅರಚುತ್ತ ನಿಂತಿತು. ಅವರ ಕೈ ಬಿಟ್ಟಲ್ಲೇ ಆ ಸ್ಕ್ರೂ ಇರಲಿ ಎಂದು ನಾನು ಮುಟ್ಟಲಿಲ್ಲ. ಹನ್ನೆರಡನೆಯ ದಿನಕ್ಕೆ ಕಾಕಾ ತೀರಿಹೋದ ಸುದ್ದಿ ಬಂತು. ಮಣ್ಣಿಗೆ ಹೋಗಿ ಬಂದು, ಮುಚ್ಚಿದ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಬಿಸಿ ಇರುವಾಗಲೇ ಸ್ಕ್ರೂವನ್ನು ಅರ್ಧ ಸುತ್ತು ತಿರುವಿದೆ. ಸದ್ದು ಥಟ್ಟನೆ ಇಳಿಯಿತು. ಹೆಂಗದ ತಮ್ಮಾ ಎಂದು ವಿಚಾರಿಸುವವರು ಎದುರಿಗೆ ಇರಲಿಲ್ಲ.